ಏಕವಚನ

ಗಂಡನನ್ನು ಮರ್ಯಾದೆಯಿಂದ "ಅವರು" ಎಂದದ್ದಕ್ಕೆ ಹೆಂಗಸೊಬ್ಬಳನ್ನು ಒಂದು ದೇಶದಿಂದ ಓಡಿಸಬಹುದೇ ಎಂದು ನೀವು ಕೇಳಿದರೆ, ಓಡಿಸಬಹುದು ಎನ್ನುತ್ತೇನೆ ನಾನು. ಸ್ವಲ್ಪದರಲ್ಲಿ ತಪ್ಪಿತು. ಆವತ್ತು ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಹಾಗಾಗಿ ಇದರಲ್ಲಿ ಅವರಿವರಿಂದ ಕೇಳಿದ್ದು ಕಡಿಮೆ, ನಾನೇ ಕಂಡದ್ದು ಹೆಚ್ಚು.

ಅವಳು ನನ್ನ ಜೋಡಿ. ಜೋಡಿ ಎಂದರೆ ನೆಂಟಸ್ತಿಕೆಯಲ್ಲ, ಕೆಲಸ. ದೊಡ್ಡ ಹೋಟೆಲುಗಳ, ಆಸ್ಪತ್ರೆಗಳ ಬಟ್ಟೆ ಒಗೆದು ಕೊಡುವ ಕಾರ್ಖಾನೆಯಲ್ಲಿ ನಾವಿಬ್ಬರೂ ರೋಲರಿನ ಮುಂದೆ ನಿಲ್ಲುವವರು. ಅದೊಂದು ಎರಡಾಳು ಉದ್ದದ ಬಿಸಿ ಉರುಳೆ. ಒದ್ದೆ ಬೆಡ್‌ಶೀಟು ಈ ಕಡೆಯಿಂದ ಒಳಗೆ ಹೋದರೆ ಆ ಕಡೆ ಇಸ್ತ್ರಿಯಾಗಿ ಬರುತ್ತದೆ. ಅದಕ್ಕೆ ಬಟ್ಟೆ ಕೊಡಲು ಇಬ್ಬರು ಬೇಕು. ಆ ಮೂಲೆ ಅವಳು, ಈ ಮೂಲೆ ನಾನು ಹಿಡಿದು, ಜಗ್ಗಿ, ಒಟ್ಟಿಗೇ ಕೈ ಬಿಡಬೇಕು. ಒಬ್ಬಳು ತಡ ಮಾಡಿದರೆ ಬಟ್ಟೆ ಸೊಟ್ಟಗೆ ಹೋಗಿ ಸುಕ್ಕು ಬಿದ್ದು, ಮೇಲ್ವಿಚಾರಕಿ ಬಂದು ಇಬ್ಬರಿಗೂ ಮಂಗಳಾರತಿ ಎತ್ತುತ್ತಾಳೆ. ಮೊದಲ ತಿಂಗಳು ನನ್ನ ಜೋಡಿಯ ಬೆರಳ ತುದಿಗಳೆಲ್ಲ ಬೊಬ್ಬೆ. ಆಮೇಲೆ ಕೈ ಪಳಗಿತು.

ನಾನು ಇಲ್ಲಿಗೆ ಬಂದು ಅರ್ಧ ಆಯಸ್ಸು ಕಳೆಯಿತು. ಇಲ್ಲಿನವರ ಭಾಷೆ, ಜಗಳ, ಚೌಕಾಸಿ ಎಲ್ಲ ಬರುತ್ತದೆ. ನನ್ನ ಗಂಡ ಶಾಲೆಯ ವ್ಯಾನ್ ಓಡಿಸುತ್ತಾನೆ. "ಓಡಿಸುತ್ತಾನೆ" ಎಂದೆನಲ್ಲ, ಗಮನಿಸಿ. ಮದುವೆಯಾದ ಲಾಗಾಯ್ತು ನಾನು ಅವನನ್ನು ಹೋಗೋ ಬಾರೋ ಎಂದೇ ಮಾತಾಡಿಸಿದವಳು. ಅದರಿಂದ ಅವನ ಕಿರೀಟವೇನೂ ಬಿದ್ದುಹೋಗಲಿಲ್ಲ. ನನ್ನ ಜೋಡಿ ಹಾಗಲ್ಲ. ಅವಳ ಬಾಯಲ್ಲಿ ಎರಡು ಮಾತಿಗೊಮ್ಮೆ "ನಮ್ಮ ಮನೆಯವರು". ನಮ್ಮ ಮನೆಯವರು ಹೇಳಿದ್ರು, ನಮ್ಮ ಮನೆಯವರಿಗೆ ಇಷ್ಟ ಆಗಲ್ಲ, ಅವರು ಬಂದ್ಮೇಲೆ ಕೇಳ್ತೀನಿ.

"ಇವತ್ತು ಉಸಿರಾಡೋಕೆ ಅಪ್ಪಣೆ ಕೊಟ್ಟಿದಾರೇನೆ ನಿಮ್ಮ ಮನೆಯವರು?" ಎಂದು ನಾನು ರೇಗಿಸುತ್ತಿದ್ದೆ.

"ಹೋಗಿ ಅಕ್ಕ, ನೀವೊಬ್ರು," ಎಂದು ಅವಳು ಬೆಡ್‌ಶೀಟಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದಳು.

ಅವಳ ಗಂಡ ವೆಲ್ಡರ್. ಮೆಟ್ಟಿಲ ಕಂಬಿ, ಗೇಟು ಮಾಡುವ ವರ್ಕ್‌ಶಾಪಿನಲ್ಲಿ ಕೆಲಸ. ಅವಳಿಗಿಂತ ಎಷ್ಟೋ ಮೊದಲೇ ಬಂದವನು. ಕುಡಿತವಿಲ್ಲ, ಜೂಜಿಲ್ಲ, ದನಿ ಎತ್ತಿ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. ಮಳೆ ಬಂದರೆ ಛತ್ರಿ ಹಿಡಿದು ಕಾರ್ಖಾನೆಯ ಗೇಟಿನಲ್ಲಿ ನಿಂತಿರುತ್ತಿದ್ದ. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಅಲ್ಲವಲ್ಲ, ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿ.

ಅವರಿಗೊಬ್ಬಳು ಮಗಳು. ನನ್ನ ಜೋಡಿ ಇಲ್ಲಿಗೆ ಹೊರಟಾಗ ಆ ಮಗುವಿಗೆ ಐದು ವರ್ಷ. ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. "ಮೊದಲು ನೀನು ಬಾ, ನಿನ್ನ ಕೆಲಸ ಒಂದು ಗಟ್ಟಿಯಾಗ್ಲಿ, ಆಮೇಲೆ ಮಗೂನ ಕರೆಸೋಕೆ ಅರ್ಜಿ ಹಾಕ್ತೀನಿ," ಎಂದಿದ್ದನಂತೆ ಗಂಡ. ಬಂದ ವರ್ಷವೇ "ಹಾಕಿದೀನಿ" ಎಂದನಂತೆ. ಅಲ್ಲಿಂದ ಶುರುವಾಯಿತು ಇವಳ ಕಾಯುವಿಕೆ. ಅಂಗಡಿಯಲ್ಲಿ ಒಂದು ದಪ್ಪ ಕೋಟು ಕಂಡು, ಮಗಳಿಗೆ ಚಳಿಗಾಲಕ್ಕೆ ಆಗುತ್ತದೆ ಎಂದು ತಂದಿಟ್ಟಳು. ಎರಡನೇ ಚಳಿಗಾಲದ ಹೊತ್ತಿಗೆ ಆ ಕೋಟು ಮಗಳಿಗೆ ಗಿಡ್ಡವಾಗಿರುತ್ತದೆಂದು ತಾನೇ ಲೆಕ್ಕ ಹಾಕಿ, ನಮ್ಮ ಕೆಳಗಿನ ಮನೆಯ ಮಗುವಿಗೆ ಕೊಟ್ಟುಬಿಟ್ಟಳು. ಕೊಡುವಾಗ ನಕ್ಕಳು. ಆಮೇಲೆ ನಮ್ಮ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು.

"ಅರ್ಜಿ ಎಲ್ಲಿಗೆ ಬಂತಂತೆ?" ಎಂದು ನಾನು ಕೇಳಿದರೆ ಒಂದೇ ಉತ್ತರ. "ಅವರು ವಿಚಾರಿಸಿದಾರಂತೆ ಅಕ್ಕ. ಇಲ್ಲೆಲ್ಲ ನಿಧಾನವಂತೆ."

ಇಲ್ಲಿ ಎಲ್ಲ ನಿಧಾನವೇ, ಅದು ನನಗೂ ಗೊತ್ತಿತ್ತು. ಹಾಗಾಗಿ ನಂಬಿದೆ.

ಅವಳ ವಾಸದ ಪರವಾನಗಿಯನ್ನು ಹೊಸದು ಮಾಡಿಸುವ ಸಮಯ ಬಂತು. ಅದಕ್ಕೆ ಮುಂಚೆ ಕಚೇರಿಯವರು ಮನೆ ನೋಡಿಕೊಂಡು ಹೋಗುತ್ತಾರೆ. ಇವರದು ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದೇ ಕೋಣೆ. ಗೋಡೆಗೊರಗಿದ ಒಂದು ಮಂಚ, ಮಡಚುವ ಮೇಜು, ಕಿಟಕಿಯ ಕೆಳಗೆ ಒಲೆ. ಬಾಗಿಲ ಹಿಂದೆ ಗಂಡನ ಮೂರು ಜಾಕೆಟ್ಟು, ಚರ್ಮದ ಏಪ್ರನ್ನು. ಕೆಳಗೆ ಸಾಲಾಗಿ ಅವನ ಶೂಗಳು. ಬೆಂಕಿ ಕೆಲಸಕ್ಕೊಂದು, ಚಳಿಗೊಂದು, ಹಳೆಯದಾದರೂ ಎಸೆಯಲು ಮನಸ್ಸು ಬಾರದ್ದು ಎರಡು. ಗಂಡ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಕನ್ನಡಕದ ಅಧಿಕಾರಿಯೊಬ್ಬ ಬಂದ. ಇವಳಿಗೆ ಇಲ್ಲಿನ ಭಾಷೆಯಲ್ಲಿ ಸೋಪು, ನೀರು, ಬಿಸಿ, ಬೇಗ ಎಂಬಷ್ಟೇ ಬರುತ್ತಿದ್ದದ್ದು. ಅವನು ಮೊಬೈಲನ್ನು ಮೇಜಿನ ಮೇಲಿಟ್ಟು, ಭಾಷಾಂತರಕ್ಕೆಂದು ಕಚೇರಿ ಗೊತ್ತು ಮಾಡಿದ್ದ ಹುಡುಗಿಯೊಬ್ಬಳನ್ನು ಕರೆದ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ಹುಡುಗಿ. ನಮ್ಮ ಭಾಷೆ ಅವಳಿಗೆ ಅಜ್ಜಿಯಿಂದ ಕಲಿತದ್ದು, ಊಟ ಆಯ್ತಾ, ನಿದ್ದೆ ಬಂತಾ ಎನ್ನುವಷ್ಟು.

"ನಿನ್ನ ಜೊತೆ ಇಲ್ಲಿ ಯಾರು ಇರುತ್ತೆ?" ಎಂದಳಂತೆ ಫೋನಿನ ಹುಡುಗಿ.

"ನಮ್ಮ ಮನೆಯವರು."

ಆ ಹುಡುಗಿಯ ಅಜ್ಜಿ ಆ ಮಾತನ್ನು ಅವಳಿಗೆ ಕಲಿಸಿರಲಿಲ್ಲವೆಂದು ಕಾಣುತ್ತದೆ. ನಮ್ಮ ಮನೆಯ ಜನಗಳು ಎಂದು ಅಧಿಕಾರಿಗೆ ಹೇಳಿರಬೇಕು.

"ಅವರು ಏನು ಮಾಡುತ್ತೆ?"

"ಅವರು ಬೆಳಿಗ್ಗೆ ಕಬ್ಬಿಣದ ಕೆಲಸಕ್ಕೆ ಹೋಗ್ತಾರೆ. ಸಾಯಂಕಾಲ ಬರ್ತಾರೆ."

ಅವರೆಲ್ಲ ಬೆಳಿಗ್ಗೆ ಹೋಗುತ್ತಾರೆ, ಅವರೆಲ್ಲ ಸಾಯಂಕಾಲ ಬರುತ್ತಾರೆ ಎಂದಾಯಿತು. ಅಧಿಕಾರಿ ಬಾಗಿಲ ಹಿಂದಿನ ಶೂಗಳ ಸಾಲನ್ನು ನೋಡಿದ.

"ಅವರು ಎಲ್ಲಿ ಮಲಗುತ್ತೆ?"

"ಇನ್ನೆಲ್ಲಿ? ಇಲ್ಲೇ," ಎಂದು ಇವಳು ಇದ್ದೊಂದು ಮಂಚ ತೋರಿಸಿದಳು.

ಅಧಿಕಾರಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡನಂತೆ. ಆಮೇಲೆ ಫೋನಿನ ಹುಡುಗಿ ಕೇಳಿದಳು, "ಒಟ್ಟು ಎಷ್ಟು ಮನೆಯವರು?"

ಇವಳಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬೀಗ ಹಾಕಿ ನಿಂತಳು. ಮರುದಿನ ರೋಲರಿನ ಮುಂದೆ ಅವಳ ಕೋಪಕ್ಕೆ ಬೆಡ್‌ಶೀಟು ಹರಿಯುವುದೊಂದು ಬಾಕಿ. "ಎಷ್ಟು ಮನೆಯವರು ಅಂತ ಕೇಳ್ತಾರಲ್ಲ ಅಕ್ಕ! ಒಬ್ಬ ಹೆಂಗಸಿಗೆ ಎಷ್ಟು ಜನ ಇರ್ತಾರೆ? ಇವರ ದೇಶದಲ್ಲಿ ಮಾನಮರ್ಯಾದೆ ಅನ್ನೋದು ಇಲ್ವಾ? ನಾನು ಉತ್ತರಾನೇ ಕೊಡಲಿಲ್ಲ."

"ಒಳ್ಳೇದು ಮಾಡಿದೆ," ಎಂದೆ ನಾನೂ, ಏನೂ ತಿಳಿಯದೆ.

ವಾರ ಕಳೆದ ಮೇಲೆ ಕಚೇರಿಯಿಂದ ಕಾಗದ ಬಂತು. ಇಬ್ಬರಿಗೆಂದು ಇರುವ ಕೋಣೆಯಲ್ಲಿ ಈ ಹೆಂಗಸಿನ ಜೊತೆ ಹಲವು ಗಂಡಸರು ಇದ್ದಾರೆ, ಎಲ್ಲರೂ ಕಬ್ಬಿಣದ ಕೆಲಸದವರು, ಸಂಖ್ಯೆ ಕೇಳಿದರೆ ಹೇಳಲು ನಿರಾಕರಿಸಿದಳು. ಓದಿ ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ಏನು ಏನು ಎಂದು ನನ್ನ ತೋಳು ಅಲುಗಿಸುತ್ತಿದ್ದಳು. ಆಮೇಲೆ ಕೆಳಗಿನ ಸಾಲು ಓದಿದೆ. ಗಂಡ ಹೆಂಡತಿ ಇಬ್ಬರೂ ಬಂದು ವಿವರಣೆ ಕೊಡಬೇಕು, ಅದು ಸರಿಯೆನಿಸದಿದ್ದರೆ ಹೆಂಗಸಿನ ಪರವಾನಗಿ ರದ್ದು, ಮುಂದೆ ಕುಟುಂಬದ ಯಾರನ್ನೂ ಕರೆಸುವಂತಿಲ್ಲ.

"ಯಾರನ್ನೂ ಅಂದ್ರೆ?" ಎಂದಳು.

ನಾನು ಕಾಗದ ಮಡಿಸಿದೆ. ಅವಳಿಗೆ ಅರ್ಥವಾಯಿತು. "ಅಕ್ಕ, ನನ್ನ ಮಗಳು," ಎಂದಳು, ಅಷ್ಟೇ.

ನಾನೇ ಬಂದು ಭಾಷಾಂತರ ಮಾಡುತ್ತೇನೆ ಎಂದು ಕಚೇರಿಗೆ ಫೋನು ಹಚ್ಚಿದೆ. ಆಗುವುದಿಲ್ಲವಂತೆ. ಅವರ ಹುಡುಗಿಯೇ ಬೇಕಂತೆ. ಜೊತೆಗೊಬ್ಬರು ಬಂದು ಕೂರಬಹುದು, ಆದರೆ ಬಾಯಿ ಬಿಡುವಂತಿಲ್ಲವಂತೆ. ನಾನು! ಬಾಯಿ ಮುಚ್ಚಿಕೊಂಡು ಕೂರಬೇಕಂತೆ! ನನ್ನ ಗಂಡ ಆ ಸುದ್ದಿ ಕೇಳಿ ಆ ದಿನವೆಲ್ಲ ಖುಷಿಯಾಗಿದ್ದ.

ಹಾಗಿದ್ದರೆ ಉಳಿದ ದಾರಿ ಒಂದೇ. ಆ ಅರೆಬರೆ ಹುಡುಗಿಗೂ ತಿಳಿಯುವ ಹಾಗೆ ಇವಳು ಗಂಡನನ್ನು ಒಬ್ಬನೇ ಮನುಷ್ಯನನ್ನಾಗಿ ಮಾಡಬೇಕು. ರೋಲರಿನ ಮುಂದೆ ಪಾಠ ಶುರು ಮಾಡಿದೆ.

"ಅವನು ಬೆಳಿಗ್ಗೆ ಹೋಗ್ತಾನೆ. ಹೇಳು."

"ಅವರು..."

"ಅವನು!"

"ನಾಲಿಗೆ ಏಳಲ್ಲ ಅಕ್ಕ."

"ನಿನ್ನ ತಮ್ಮನ್ನ ಏನಂತೀಯ?"

"ಅವನು ಅಂತೀನಿ."

"ಹಾಗಾದ್ರೆ ತಮ್ಮ ಅಂದ್ಕೊಂಡು ಹೇಳು."

"ಅಯ್ಯೋ ಛೀ! ಗಂಡನ್ನ ಯಾರಾದ್ರೂ ತಮ್ಮ ಅಂದ್ಕೋತಾರಾ?"

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಒಂದು ಬೆಡ್‌ಶೀಟು ಸೊಟ್ಟಗೆ ಹೋಗಿ ಮೇಲ್ವಿಚಾರಕಿ ಬಂದಳು. ಆದರೆ ಮರುದಿನ ನನ್ನ ಜೋಡಿ ಗಂಭೀರವಾಗಿ ಬಂದು, "ರಾತ್ರಿ ಅವರನ್ನೇ ಕೇಳಿದೆ ಅಕ್ಕ. ಕಚೇರೀಲಿ ಅವನು ಅಂದ್ರೆ ಬೇಜಾರಿಲ್ವಾ ಅಂತ. ಪರವಾಗಿಲ್ಲ, ಹೇಳು ಅಂದ್ರು," ಎಂದಳು. ಗಂಡನನ್ನು ಏಕವಚನದಲ್ಲಿ ಕರೆಯಲು ಗಂಡನ ಅಪ್ಪಣೆ! ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಆದರೂ ಒಳ್ಳೆಯದೇ ಆಯಿತು. ಅಪ್ಪಣೆ ಸಿಕ್ಕ ಮೇಲೆ ಅವಳು ದಿನವಿಡೀ ಬಟ್ಟೆ ಜಗ್ಗುತ್ತ, ಅವನು ಹೋಗ್ತಾನೆ, ಅವನು ಬರ್ತಾನೆ, ಅವನು ಮಲಗ್ತಾನೆ ಎಂದು ಮಗ್ಗಿ ಒಪ್ಪಿಸುವವಳ ಹಾಗೆ ಹೇಳಿಕೊಂಡಳು.

ಹೇಳಿದ ದಿನ ಕಚೇರಿಗೆ ಹೋದೆವು. ಬಿಳಿ ಗೋಡೆಯ ಸಣ್ಣ ಕೋಣೆ, ಅದೇ ಕನ್ನಡಕದ ಅಧಿಕಾರಿ, ಮೇಜಿನ ಮೇಲೆ ಅದೇ ಫೋನಿನ ಹುಡುಗಿ. ವೆಲ್ಡರ್ ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು ಬಂದಿದ್ದ. ಕೇಳಿದಾಗ ಮಾತ್ರ ಮಾತಾಡಬೇಕೆಂದು ಅವನಿಗೂ ಅಪ್ಪಣೆಯಾಗಿತ್ತು. ಬೆವರುತ್ತಿದ್ದ. ಹೆಂಡತಿಗೋಸ್ಕರ ಹೆದರಿದ್ದಾನೆ ಎಂದುಕೊಂಡೆ ನಾನು.

"ನಿನ್ನ ಜೊತೆ ಯಾರು ಇರುತ್ತೆ?"

ನನ್ನ ಜೋಡಿ ನೆಲ ನೋಡುತ್ತ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿಯಲ್ಲಿ ಹೇಳಿದಳು. "ನನ್ನ ಗಂಡ. ಒಬ್ಬ. ಅವನು ವೆಲ್ಡರ್. ಅವನು ಬೆಳಿಗ್ಗೆ ಹೋಗ್ತಾನೆ. ಅವನು ಸಾಯಂಕಾಲ ಬರ್ತಾನೆ."

ಅಧಿಕಾರಿ ತಲೆ ಎತ್ತಿದ. ಹಾಗಾದರೆ ಉಳಿದವರೆಲ್ಲ ಯಾರು ಎಂದ. ಉಳಿದವರು ಯಾರೂ ಇಲ್ಲ, ಅವತ್ತು ಅವನನ್ನೇ ಮರ್ಯಾದೆಗೆ ಅವರು ಅಂದಿದ್ದು ಎಂದಳು. ಫೋನಿನ ಹುಡುಗಿ "ಓ!" ಎಂದಳು. ತನ್ನ ಅಜ್ಜಿ ತಾತನನ್ನು ಹಾಗೆಯೇ ಕರೆಯುವುದು ಈಗ ನೆನಪಾಯಿತಂತೆ ಮಹಾತಾಯಿಗೆ. ಅವಳು ಅದನ್ನೆಲ್ಲ ವಿವರಿಸಿದ ಮೇಲೆ ಅಧಿಕಾರಿ ಗಹಗಹಿಸಿ ನಕ್ಕ. ಶೂಗಳೂ ಒಬ್ಬನದೇ ಎಂದು ಕೇಳಿ ಇನ್ನೊಮ್ಮೆ ನಕ್ಕ. ಪೆನ್ನು ತೆಗೆದು ಏನೇನೋ ಹೊಡೆದು ಹಾಕಿದ. ಮೊಹರನ್ನು ಕೈಗೆತ್ತಿಕೊಂಡ. ನನಗೆ ಹೋದ ಜೀವ ಬಂದ ಹಾಗಾಯಿತು. ಇನ್ನೇನಾದರೂ ಕೇಳುವುದಿದೆಯೇ ಎಂದ, ವಾಡಿಕೆಯ ಮಾತಿಗೆ.

ಇದೆ ಎಂದಳು ನನ್ನ ಜೋಡಿ.

ಅವಳು ಬಾಯಿ ಬಿಟ್ಟು ಏನನ್ನಾದರೂ ಕೇಳುವವಳೇ ಅಲ್ಲ. ಆವತ್ತು ಅಷ್ಟು ಸಲ ಅವನು ಅವನು ಎಂದು ಹೇಳಿ ಧೈರ್ಯ ಬಂದಿತ್ತೋ ಏನೋ. "ನಮ್ಮ ಮಗಳ ಅರ್ಜಿ ಎಲ್ಲಿವರೆಗೆ ಬಂತು ಅಂತ ಸ್ವಲ್ಪ ನೋಡಿ ಹೇಳ್ತಾರಾ?"

ವೆಲ್ಡರ್ ಕುರ್ಚಿಯಲ್ಲಿ ಅಲುಗಿದ. ಅಧಿಕಾರಿ ಕಂಪ್ಯೂಟರಿನಲ್ಲಿ ನೋಡಿದ, ಇನ್ನೊಮ್ಮೆ ನೋಡಿದ. ಫೋನಿನ ಹುಡುಗಿ ಹೇಳಿದಳು, "ಯಾವ ಮಗಳು ಅಂತ ಕೇಳ್ತಾ ಇದೆ. ನಿಮಗೆ ಮಕ್ಕಳು ಇಲ್ಲ ಅಂತ ಇಲ್ಲಿ ಇದೆ."

"ಇಲ್ಲ ಇಲ್ಲ, ಸರಿಯಾಗಿ ನೋಡೋಕೆ ಹೇಳಿ. ಅರ್ಜಿ ಹಾಕಿ ಎರಡು ವರ್ಷ ಆಯ್ತು. ಅವರು ಹಾಕಿದಾರೆ."

ಅವರು ಎಂದರೆ ಯಾರು, ಮತ್ತೆ ಯಾರು ಬಂದರು ಎಂದ ಅಧಿಕಾರಿ. ಈ ಸಲ ನಗಲಿಲ್ಲ.

ನನ್ನ ಜೋಡಿ ಗಂಡನ ಕಡೆ ತಿರುಗಿದಳು. "ಹಾಕಿದೀರಿ ತಾನೆ?"

ಅವನು ಅಂಗೈಯ ಹಳೆಯ ಸುಟ್ಟ ಕಲೆಗಳನ್ನು ಉಜ್ಜಿಕೊಳ್ಳುತ್ತ ಕೂತ.

"ಏನ್ರೀ, ಹೇಳ್ರೀ."

ಅವನು ಅಧಿಕಾರಿಯ ಕೈಯ ಮೊಹರನ್ನೇ ನೋಡುತ್ತಿದ್ದ.

"ಹೇಳೋ!"

ಆ ಕೋಣೆಯಲ್ಲಿ ಆ ಶಬ್ದ ಹೇಗೆ ಬಿತ್ತೆಂದು ನಾನು ಹೇಳಲಾರೆ. ಜನ್ಮದಲ್ಲಿ ಅವನನ್ನು ಹಾಗೆ ಯಾರೂ ಕೇಳಿರಲಿಲ್ಲವೇನೋ, ಥಟ್ಟನೆ ಬಾಯಿ ಬಿಟ್ಟ. "ನಾನು ಬರೋವಾಗ ಏಜೆಂಟು ಮಕ್ಕಳಿಲ್ಲ ಅಂತ ಬರೆಸಿದ. ಹಾಗಾದ್ರೆ ಬೇಗ ಆಗುತ್ತೆ ಅಂದ. ಆಮೇಲೆ ತಿದ್ದಿಸೋಕೆ ಹೋದ್ರೆ ಸುಳ್ಳು ಹೇಳಿದೀಯ ಅಂತ ಎಲ್ಲಾ ಕಿತ್ಕೊಂಡು ಕಳಿಸಿಬಿಡ್ತಾರೆ ಅಂತ ಭಯ ಆಯ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ..."

"ದಿನಾ ಕೇಳಿದೆನಲ್ಲೋ ನಾನು! ದಿನಾ ಹಾಕಿದೀನಿ ಅಂದ್ಯಲ್ಲೋ! ಅವಳು ಬಿದ್ದ ಹಲ್ಲು ಫೋನಲ್ಲಿ ತೋರಿಸಿ ಅಪ್ಪಾ ನೋಡು ಅಂದಾಗ ಹೇಗೋ ನಕ್ಕೆ ನೀನು? ಅಂಥ ಮಗಳೇ ಇಲ್ಲ ಅಂತ ಬರ್ಕೊಟ್ಟು ಬಂದು ಹೇಗೋ ನಕ್ಕೆ?"

ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಮೊಹರು ಇನ್ನೂ ಅಧಿಕಾರಿಯ ಕೈಯಲ್ಲೇ ಇತ್ತು. ಈಗ ಸುಮ್ಮನಿದ್ದರೆ ಪರವಾನಗಿಯಾದರೂ ಉಳಿಯುತ್ತದೆ, ಉಳಿದದ್ದನ್ನು ಮನೆಗೆ ಹೋಗಿ ಬಡಿದಾಡಿಕೊಳ್ಳಲಿ ಎಂದು ನನ್ನ ಯೋಚನೆ. ಅವಳು ಕಾಲು ಕೊಡವಿಕೊಂಡಳು. ಫೋನಿಗೆ ಮುಖ ಹತ್ತಿರ ತಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಇವನು ಸುಳ್ಳು ಹೇಳಿದಾನೆ. ನಿಮಗೂ ಹೇಳಿದಾನೆ, ನನಗೂ ಹೇಳಿದಾನೆ. ನನಗೆ ಮಗಳಿದಾಳೆ. ಅವಳಿಗೆ ಏಳು ವರ್ಷ. ಬರ್ಕೊಳ್ಳೋಕೆ ಹೇಳು."

ಫೋನಿನ ಹುಡುಗಿಗೆ ಆವತ್ತು ಒಂದಕ್ಷರವೂ ತಪ್ಪಲಿಲ್ಲ. ಎಲ್ಲವನ್ನೂ ಹೇಳಿದಳು. ಅಧಿಕಾರಿ ಮೊಹರನ್ನು ಕೆಳಗಿಟ್ಟ.

ಆ ಚಳಿಗಾಲ ನಾವು ಪಟ್ಟ ಪಾಡು ಶತ್ರುವಿಗೂ ಬೇಡ. ಮೊಹರೂ ಇಲ್ಲ, ರದ್ದೂ ಇಲ್ಲ, ತ್ರಿಶಂಕು ಸ್ಥಿತಿ. ಅವಳು ಒಂದು ಸೂಟ್‌ಕೇಸಿನಲ್ಲಿ ಬಟ್ಟೆ ತುಂಬಿಕೊಂಡು ನಮ್ಮ ಮನೆಯ ಹಿಂದಿನ ಕೋಣೆಗೆ ಬಂದಳು. ಹೊಲಿಗೆ ಮೆಷಿನ್ ಇಟ್ಟಿದ್ದ ಕೋಣೆ. ಮೆಷಿನನ್ನು ನನ್ನ ಗಂಡ ಒಬ್ಬನೇ ಎತ್ತಿ ಹೊರಗಿಟ್ಟು ಸೊಂಟ ಹಿಡಿಸಿಕೊಂಡ. ಅವಳು ಕಚೇರಿಯಲ್ಲಿ ಕೂಗಾಡಿದ್ದೇ ಕೊನೆಗೆ ಅವಳನ್ನು ಉಳಿಸಿತು. ಗಂಡನ ಸುಳ್ಳು ಇವಳಿಗೆ ಗೊತ್ತಿರಲಿಲ್ಲ ಎಂಬುದನ್ನು ಆ ಅಧಿಕಾರಿ ಕಣ್ಣಾರೆ ಕಂಡಿದ್ದನಲ್ಲ, ಹಾಗೆಯೇ ಬರೆದನಂತೆ. ಕಾರ್ಖಾನೆಯ ಕೆಲಸದ ಮೇಲೆ ಅವಳಿಗೆ ಬೇರೆ ಪರವಾನಗಿ ಕೊಟ್ಟರು. ಮಗಳ ಅರ್ಜಿಯನ್ನು ಮೊದಲಿನಿಂದ, ಅವಳ ಹೆಸರಲ್ಲೇ ಹಾಕಬೇಕು ಎಂದರು.

ವೆಲ್ಡರನಿಗೆ ದಂಡ ಬಿತ್ತು, ಆದರೆ ಓಡಿಸಲಿಲ್ಲ. ವರ್ಕ್‌ಶಾಪಿನ ಹಿಂದಿನ ಶೆಡ್ಡಿನಲ್ಲಿ ಇರತೊಡಗಿದ. ಮಗಳ ಅರ್ಜಿಗೆ ಅಪ್ಪನ ಸಹಿ ಬೇಕೆಂದಾಗ ಬಂದು, ನಮ್ಮ ಬಾಗಿಲಲ್ಲೇ ನಿಂತು ಹಾಕಿಕೊಟ್ಟು ಹೋದ. ಒಳಗೆ ಬಾ ಎಂದು ಅವಳು ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಒಂದು ಲೋಟ ಕಾಫಿಯನ್ನಾದರೂ ಕೊಡಬಾರದೇ ಎಂದು ನನ್ನ ಗಂಡ ಆಮೇಲೆ ನನ್ನ ಮೇಲೆ ರೇಗಿದ. ಅವಳು ಮತ್ತೆಂದೂ ಅವನನ್ನು ಅವರು ಎನ್ನಲಿಲ್ಲ, ಅವನು ಎಂದೂ ಎನ್ನಲಿಲ್ಲ. ಮಾತಿಗೆ ಬಂದರೆ "ಮಗಳ ಅಪ್ಪ" ಎನ್ನುತ್ತಾಳೆ.

ಹೊಸ ಅರ್ಜಿಗೆ ಮತ್ತೆ ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಅವಳು ಇಲ್ಲಿನ ಭಾಷೆ ಕಲಿತಳು. ಕಚೇರಿಗೆ ತಾನೇ ಹೋಗಿ ತಾನೇ ಜಗಳ ಮಾಡಿ ಬರುವಷ್ಟಾದಳು. ವಾರಕ್ಕೆರಡು ಸಲ ಮಗಳಿಗೆ ಫೋನು. ಅಲ್ಲಿ ಅತ್ತೆಯದೇ ಮಾತು ಜಾಸ್ತಿ. ಮಗುವಿನ ಪಾಲಿಗೆ ಫೋನು ಬಂದರೆ ಹೂಂ, ಉಹೂಂ, ಊಟ ಆಯ್ತು, ಅಷ್ಟೇ. ನಾಚಿಕೆ ಎಂದುಕೊಂಡೆವು ನಾವು. ಇಲ್ಲಿಗೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆವು.

ಬಂದಳು. ಪರಿಚಯದವರೊಬ್ಬರ ಜೊತೆ ವಿಮಾನ ಇಳಿದು, ತನ್ನಷ್ಟೇ ದೊಡ್ಡ ಸೂಟ್‌ಕೇಸು ಎಳೆದುಕೊಂಡು ಬಂದಳು. ಹತ್ತು ವರ್ಷದ ಹುಡುಗಿ, ಉದ್ದ ಕಾಲು, ಅಪ್ಪನದೇ ಕಣ್ಣು. ನನ್ನ ಜೋಡಿ ಓಡಿ ಹೋಗಿ ತಬ್ಬಿಕೊಂಡಳು. ಮಗು ತಬ್ಬಿಸಿಕೊಂಡು ನಿಂತಿತು. ಬಿಟ್ಟ ಮೇಲೆ ಅಂಗಿ ಸರಿಮಾಡಿಕೊಂಡು, ಬಲು ವಿನಯದಿಂದ ಹೇಳಿತು. "ಅದು ಭಾರ ಇದೆ. ನೀವು ಬಿಡಿ, ನಾನೇ ತರ್ತೀನಿ."

ನನ್ನ ಜೋಡಿ ನನ್ನ ಕಡೆ ನೋಡಿದಳು. ನಾನು ಏನೂ ಕೇಳಿಸದವಳ ಹಾಗೆ ಆಚೆ ನೋಡಿದೆ.

ಅತ್ತೆ ಒಳ್ಳೆಯ ಬುದ್ಧಿಯನ್ನೇ ಕಲಿಸಿದ್ದಳು. ಪರಸ್ಥಳದಲ್ಲಿ ದೊಡ್ಡವರನ್ನು ಬಹುವಚನದಲ್ಲಿ ಮಾತಾಡಿಸಬೇಕು, ಕೇಳದೆ ಏನನ್ನೂ ಮುಟ್ಟಬಾರದು, ತಟ್ಟೆ ತಾನೇ ತೊಳೆಯಬೇಕು. ಹುಡುಗಿ ಎಲ್ಲವನ್ನೂ ಪಾಲಿಸಿದಳು. ನೀವು ಊಟ ಮಾಡಿ. ನಿಮಗೆ ತೊಂದ್ರೆ ಬೇಡ. ನೀವು ದೀಪ ಆರಿಸಿಕೊಳ್ಳಿ, ನನಗೆ ಕತ್ತಲೆ ಅಭ್ಯಾಸ ಇದೆ. ಹೆತ್ತ ತಾಯಿಯ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿ ನೀವು ಎನ್ನುವುದೆಂದರೆ! ಬಟ್ಟೆಗಳನ್ನು ಸೂಟ್‌ಕೇಸಿನಿಂದ ಹೊರಗೆ ತೆಗೆಯಲೇ ಇಲ್ಲ. ದಿನಕ್ಕೊಂದು ಜೊತೆ ತೆಗೆದುಕೊಂಡು, ಒಗೆದ ಮೇಲೆ ಮಡಿಸಿ ಅದರೊಳಗೇ ಇಟ್ಟು ಜಿಪ್ಪು ಎಳೆಯುತ್ತಿದ್ದಳು. ಅಜ್ಜಿಯ ಫೋನು ಬಂದರೆ ಮಾತ್ರ ಬೇರೆಯೇ ಹುಡುಗಿ. "ಅಜ್ಜೀ, ಮಾತ್ರೆ ತಗೊಂಡ್ಯಾ? ನೀನು ಸುಳ್ಳು ಹೇಳ್ಬೇಡ, ನಂಗೊತ್ತು ನೀನು ತಗೊಂಡಿರಲ್ಲ." ಅಡುಗೆಮನೆಯಲ್ಲಿ ನನ್ನ ಜೋಡಿ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ಆ ಮಾತುಗಳನ್ನು ಕೇಳುತ್ತಿದ್ದಳು.

"ಅಕ್ಕ, ನನ್ನ ನೀವು ಅಂತಾಳೆ," ಎಂದಳು ಒಂದು ದಿನ, ರೋಲರಿನ ಮುಂದೆ. ಎಷ್ಟೋ ದಿನ ತಡೆದುಕೊಂಡು ಹೇಳಿದಳು.

"ನಾನು ಮಾತಾಡ್ಲಾ ಅವಳ ಹತ್ರ? ನಿನಗೆ ಅವನು ಹೇಳಿಸಿದವಳಿಗೆ ಅದೇನು ದೊಡ್ಡ ಕೆಲಸಾನಾ?"

"ಬೇಡ ಅಕ್ಕ. ಹೇಳ್ಕೊಟ್ಟು ಅನ್ನಿಸ್ಕೊಂಡ್ರೆ ಏನು ಬಂತು?" ಬೆಡ್‌ಶೀಟು ಜಗ್ಗಿದಳು. "ಅವಳದ್ದೇನು ತಪ್ಪು? ನಾನು ನೆಂಟಳೇ ಅಲ್ವಾ ಅವಳಿಗೆ."

ಈ ಮಗುವಿಗೋಸ್ಕರ ಗಂಡನನ್ನು ಬಿಟ್ಟವಳು, ಕಂಡ ಕಂಡ ಕಚೇರಿಯ ಬಾಗಿಲು ಕಾದವಳು ನೆಂಟಳಂತೆ.

ಮರುದಿನ ಅವಳಿಗೆ ರಜೆ. ಏನು ಹೊಳೆಯಿತೋ, ಮಗಳು ಶಾಲೆಗೆ ಹೋದ ಮೇಲೆ ಆ ಸೂಟ್‌ಕೇಸನ್ನು ಬಿಚ್ಚಿದಳು. ಬಟ್ಟೆಯನ್ನೆಲ್ಲ ಬೀರುವಿನಲ್ಲಿ ತನ್ನ ಬಟ್ಟೆಗಳ ಪಕ್ಕ ಜೋಡಿಸಿದಳು. ಖಾಲಿ ಸೂಟ್‌ಕೇಸನ್ನು ನನ್ನ ಗಂಡನ ಕೈಯಲ್ಲಿ ಕೊಟ್ಟು, ಕಣ್ಣಿಗೆ ಕಾಣದ ಕಡೆ ಇಡಿ ಭಾವ ಎಂದಳಂತೆ. ಅವನು ತೆಗೆದುಕೊಂಡು ಹೋಗಿ ವ್ಯಾನ್ ನಿಲ್ಲಿಸುವ ಶೆಡ್ಡಿಗೆ ಹಾಕಿದ. ಸಾಯಂಕಾಲ ನಾನು ಕೆಲಸದಿಂದ ಬರುವ ಹೊತ್ತಿಗೂ ಹುಡುಗಿ ಶಾಲೆಯಿಂದ ಬರುವ ಹೊತ್ತಿಗೂ ಸರಿಹೋಯಿತು. ಅವಳು ಕೋಣೆಯೊಳಗೆ ಹೋದಳು.

"ನನ್ನ ಪೆಟ್ಟಿಗೆ ಎಲ್ಲಿ?"

"ಬಟ್ಟೆ ಬೀರೂಲಿ ಇಟ್ಟಿದೀನಿ ಪುಟ್ಟಾ. ಅಲ್ಲೇ ಇರ್ಲಿ."

"ಪೆಟ್ಟಿಗೆ ಎಲ್ಲಿ?"

"ಪೆಟ್ಟಿಗೆ ಯಾಕೆ ಇನ್ನು? ಇದೇ ನಿನ್ನ ಮನೆ ಅಲ್ವಾ."

ಆಗ ಹೊಡೆಯಿತು ನೋಡಿ ಸಿಡಿಲು. ಇಷ್ಟು ದಿನ ಪಿಸುಪಿಸು ಮಾತಾಡುತ್ತಿದ್ದ ಹುಡುಗಿಗೆ ಅಂಥ ಗಂಟಲು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. "ಯಾರೇ ಹೇಳಿದ್ದು ನಿಂಗೆ ಮುಟ್ಟು ಅಂತ? ನಾನು ಅಜ್ಜಿ ಹತ್ರ ಹೋಗ್ಬೇಕು! ನೀನ್ಯಾರೇ ನಂಗೆ? ನೀನು ಬಿಟ್ಟು ಹೋದೆ! ನಂಗೆ ಜ್ವರ ಬಂದಾಗ ಎಲ್ಲಿದ್ದೆ ನೀನು? ಎಲ್ಲರ ಅಮ್ಮನೂ ಶಾಲೆಗೆ ಬಂದ್ರು, ನೀನು ಬರ್ಲಿಲ್ಲ! ನೀನು ಕೆಟ್ಟೋಳು!"

ಏನೋ ಬಿದ್ದು ಒಡೆದ ಸದ್ದಾಯಿತು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಿಗೆ ಓಡಿದೆ. ನನ್ನ ಜೋಡಿ ನೆಲದ ಮೇಲೆ ಕುಸಿದು ಕೂತಿದ್ದಳು. ಮಗು ಎರಡೂ ಕೈಯಿಂದ ಅವಳ ಭುಜಕ್ಕೆ ಗುದ್ದುತ್ತಿತ್ತು. ಅವಳು ತಡೆಯುತ್ತಿರಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು, ಮುಖ ಮಾತ್ರ ನಗುತ್ತಿತ್ತು. "ಬಿಟ್ಟು ಬಂದೆ ಕಣೇ," ಎನ್ನುತ್ತಿದ್ದಳು. "ಹೂಂ, ಬಿಟ್ಟು ಬಂದೆ. ಬಯ್ಯಿ. ಇನ್ನೂ ಬಯ್ಯೇ."

ನನ್ನ ಗಂಡ ಗಾಬರಿಯಾಗಿ ನನ್ನ ಹಿಂದೆ ಬಂದು ನಿಂತ. "ಏನೇ ಇದು, ಹೊಡೆದಾಡ್ತಿದಾರೆ! ನೋಡ್ಕೊಂಡು ನಿಂತಿದೀಯಲ್ಲ, ಹೋಗಿ ಬಿಡಿಸು."

ನಾನು ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದೆ. "ಸುಮ್ನಿರೋ," ಎಂದೆ. "ಈಗಷ್ಟೇ ಮಾತು ಶುರು ಮಾಡಿದಾರೆ."